ವವೋಯ್

ಶನಿವಾರ ಬೆಳಗ್ಗೆ ಮಹಡಿ ಮೇಲಿನಿಂದ ಮಗ ಕೂಗಿದ: "ವವೋಯ್!"

ಹದಿಮೂರು ತುಂಬದ ಹುಡುಗ ಹೆತ್ತಪ್ಪನನ್ನು 'ಓಯ್' ಅನ್ನುವುದೇ? ನಮ್ಮ ತೀರ್ಥಹಳ್ಳಿ ಕಡೆ ಓಯ್ ಅನ್ನುವುದು ಹೊರಟ ಬಸ್ಸಿನ ಕಂಡಕ್ಟರನ್ನು, ಇಲ್ಲವೇ ಹೊಳೆಯ ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿರುವವನನ್ನು. ಕಾವಲಿಯ ಮೇಲಿನ ದೋಸೆಯನ್ನು ಅದರ ಹಣೆಬರಹಕ್ಕೆ ಬಿಟ್ಟು ಮೆಟ್ಟಿಲು ಹತ್ತಿದೆ. ಅವನು ಮಂಚದಿಂದ ಏಳದೆಯೇ ವ್ಯಾಕರಣ ಬಿಡಿಸಿದ. 'ವವ್' ಅಂದರೆ ಅಪ್ಪ. 'ಓಯ್' ಪ್ರೀತಿಸೂಚಕ ಪ್ರತ್ಯಯ. "ನೀವು ಅಪ್ಪಾಜಿ ಅಂತೀರಲ್ಲ, ಹಾಗೆ. ಇದು ಕ್ಲಿಂಗಾನ್."

ಪ್ರತ್ಯಯ! ಕನ್ನಡ ಶಾಲೆಯಲ್ಲಿ ಆ ಪದ ಕಿವಿಗೆ ಬಿದ್ದರೆ ಹೊಟ್ಟೆನೋವು ಬರುತ್ತಿದ್ದ ಹುಡುಗ ಇವನು.

ಕ್ಲಿಂಗಾನ್ ಯಾವ ದೇಶದ್ದು ಎಂದು ಕೇಳುವವರಿಗೆ: ಯಾವ ದೇಶದ್ದೂ ಅಲ್ಲ. 1966ರಲ್ಲಿ ಟಿವಿಯಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಧಾರಾವಾಹಿಯ ರಣೋತ್ಸಾಹಿ ಅನ್ಯಗ್ರಹದವರು ಕ್ಲಿಂಗಾನರು. 1979ರ ಸಿನಿಮಾದಲ್ಲಿ ಅವರು ನಾಲ್ಕು ಮಾತು ಗುಡುಗಿದ್ದರು, ಅಷ್ಟೆ. 1984ರ ಸಿನಿಮಾಕ್ಕಾಗಿ ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿ ಅದನ್ನು ಪೂರ್ತಿ ಭಾಷೆಯಾಗಿಯೇ ಕಟ್ಟಿಕೊಟ್ಟ. ಮರುವರ್ಷ ನಿಘಂಟೂ ಬಂತು. ಕಿಟೆಲ್ ಸಾಹೇಬರು 1894ರಲ್ಲಿ ನಿಘಂಟು ತಂದಾಗ ಮಾತಾಡುವ ಜನ ಸಾವಿರಾರು ವರ್ಷದಿಂದ ಇದ್ದರು. ಇಲ್ಲಿ ಮೊದಲು ನಿಘಂಟು ಅಚ್ಚಾಯಿತು, ಮಾತಾಡುವವರು ಅದನ್ನು ಕೊಂಡು ತಂದು ತಯಾರಾದರು. ನಾವಿರುವ ಪೆನ್ಸಿಲ್ವೇನಿಯಾದಲ್ಲೇ 1992ರಲ್ಲಿ ಅವರದೊಂದು ಸಂಸ್ಥೆ ಹುಟ್ಟಿತು. ಪರೀಕ್ಷೆ, ವಾರ್ಷಿಕ ಸಮ್ಮೇಳನ, ಎಲ್ಲಾ ಉಂಟು. ಊಟದ ಪಂಕ್ತಿಯಲ್ಲಿ ನೂಕುನುಗ್ಗಲು ಆಗುತ್ತದೋ ಇಲ್ಲವೋ ವಿಚಾರಿಸಬೇಕು. ಆಗದಿದ್ದರೆ ಅದನ್ನು ಸಮ್ಮೇಳನ ಅನ್ನಲು ನನಗೆ ಮನಸ್ಸಿಲ್ಲ.

ಡುಯೊಲಿಂಗೊದಲ್ಲಿ 2018ರಲ್ಲಿ ಕ್ಲಿಂಗಾನ್ ಪಾಠಗಳೂ ಬಂದವು. ಮಗ ಸಿಕ್ಕಿಬಿದ್ದದ್ದು ಅಲ್ಲಿ. ಅವನ ಹೆಗಲ ಮೇಲಿಂದ ಬಗ್ಗಿ ಆ ಪಟ್ಟಿಯಲ್ಲಿ ಕನ್ನಡ ಹುಡುಕಿದೆ, ಕಾಣಲಿಲ್ಲ. ತಪ್ಪು ಅವರದಲ್ಲ ಬಿಡಿ. ಕ್ಲಿಂಗಾನಿನ ಅಭಿಮಾನಿಗಳು ರಾತ್ರಿ ನಿದ್ದೆಗೆಟ್ಟು ಪಾಠ ಬರೆದರು, ನಾನು ಆ ಹೊತ್ತಿಗೆ ವಾಟ್ಸಾಪಿನಲ್ಲಿ 'ಕನ್ನಡ ಉಳಿಸಿ' ಫಾರ್ವರ್ಡ್ ಮಾಡುತ್ತಿದ್ದೆ.

ನಾಲ್ಕು ವರ್ಷ, ಪ್ರತಿ ಭಾನುವಾರ, ನಲವತ್ತು ನಿಮಿಷ ಕಾರು ಓಡಿಸಿ ಇವನನ್ನು ಕನ್ನಡ ಶಾಲೆಗೆ ಹೊತ್ತಿದ್ದೇನೆ. ಅಷ್ಟು ಪೆಟ್ರೋಲು ಸುಟ್ಟು ಬಂದ ಫಲ 'ಬಾಲೆಹನ್ನು'. ಅವನ ನಾಲಗೆ ಮಡಚಲು ಒಪ್ಪುತ್ತಿರಲಿಲ್ಲ. 'ಹುಡುಗ' ಅಂದರೆ 'ಹುದುಗ', 'ಮಡಕೆ' ಅಂದರೆ 'ಮದಕೆ'. ಅಮೆರಿಕದಲ್ಲಿ ಹುಟ್ಟಿದ ನಾಲಗೆ, ಪಾಪ, ಅಂತ ನಾವೂ ಕೈಬಿಟ್ಟಿದ್ದೆವು.

ಒಂದು ರಾತ್ರಿ ಬಚ್ಚಲುಮನೆಯಿಂದ 'ಡ... ಡ... ಡ...' ಕೇಳಿಸತೊಡಗಿತು. "ರೀ, ಇವನಿಗೆ ಚಳಿಜ್ವರ ಇರ್ಬೇಕು ನೋಡ್ರಿ" ಅಂದಳು ಇವಳು. ಬಾಗಿಲು ತೆಗೆದರೆ ಕನ್ನಡಿಯ ಮುಂದೆ ಬಾಯಿ ಅಗಲಿಸಿ ನಾಲಗೆಯ ತುದಿಯನ್ನು ಅಂಗುಳಕ್ಕೆ ಹಚ್ಚುತ್ತ ನಿಂತಿದ್ದಾನೆ. ಕ್ಲಿಂಗಾನರ 'ಡ' ಭೂಲೋಕದ್ದಲ್ಲ, ಅದಕ್ಕೆ ನಾಲಗೆ ಹಿಂದಕ್ಕೆ ಹೋಗಬೇಕು, ಬಹಳ ಕಷ್ಟ ಎಂದು ವಿವರಿಸಿದ. ಷ ಕೂಡ ಹಾಗೇ ಅಂತೆ. ಓಕ್ರಾಂಡ್ ಮಹಾಶಯ ಇಂಗ್ಲಿಷಿನವರ ಕಿವಿಗೆ ಒರಟಾಗಿ, ಪರಕೀಯವಾಗಿ ಕೇಳಿಸಲೆಂದು ಹುಡುಕಿ ಹುಡುಕಿ ಹಾಕಿದ ಧ್ವನಿ ನಮ್ಮ ದಡ್ಡನ ಡ!

ಆರು ತಿಂಗಳಿಗೆಂದು ಊರಿಂದ ಬಂದಿದ್ದ ಅಮ್ಮ ಕೋಣೆಯಿಂದಲೇ ತೀರ್ಪು ಕೊಟ್ಟಳು. "ಇದಕ್ಕೆ ಬೇರೆ ಗ್ರಹಕ್ಕೆ ಯಾಕೆ ಹೋಗ್ಬೇಕಿತ್ತು ಮಾರಾಯ? 'ದಡ್ಡ' ಅನ್ನಿಸು. ಒಂದರಲ್ಲೇ ಎರಡೂ ಬರ್ತದೆ." ಮಾರನೆಯ ದಿನ ಮಗ ಸ್ವಚ್ಛವಾಗಿ ದಡ್ಡ ಅಂದ. ನನ್ನನ್ನೇ ಅಂದದ್ದು, ಆದರೂ ಕಣ್ಣು ತುಂಬಿ ಬಂತು.

ಅಲ್ಲಿಂದ ಅಜ್ಜಿ ಮೊಮ್ಮಗನ ಸಖ್ಯ ಶುರು. ಕ್ಲಿಂಗಾನಿನಲ್ಲಿ ಪ್ರಶ್ನೆ ಕೇಳಬೇಕಾದರೆ ಕ್ರಿಯಾಪದದ ಕೊನೆಗೆ 'ಆ' ಹಚ್ಚಬೇಕು ಎಂದು ಅವನು ದೊಡ್ಡ ಗುಟ್ಟು ಬಿಚ್ಚಿಟ್ಟರೆ, ಅಜ್ಜಿ "ಬಂದನಾ? ತಿಂದನಾ? ಮತ್ತೆ ಹೇಗೆ ಕೇಳ್ತಾರೆ?" ಅಂದಳು. 'ನಾನು ಕ್ಲಿಂಗಾನ್' ಅನ್ನಲು ಮಧ್ಯೆ ಇಂಗ್ಲಿಷಿನ 'ಆಮ್' ಬೇಡವೇ ಬೇಡ ಅಂದದ್ದಕ್ಕೂ ಅವಳಿಗೆ ಸೋಜಿಗವಾಗಲಿಲ್ಲ. ಕೊನೆಗೆ ಅವನು ಬ್ರಹ್ಮಾಸ್ತ್ರ ಬಿಟ್ಟ. ಕ್ಲಿಂಗಾನಿನಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯೆ, ಕಟ್ಟಕಡೆಗೆ ಕರ್ತೃ. ಭೂಮಿಯ ಮೇಲೆ ತೀರಾ ಅಪರೂಪ ಎಂದೇ ಓಕ್ರಾಂಡ್ ಆ ಕ್ರಮ ಆರಿಸಿದ್ದಂತೆ. ಅಷ್ಟರಲ್ಲಿ ಹಿತ್ತಲ ಕಡೆ ಕಣ್ಣು ಹಾಯಿಸಿದ ಅಮ್ಮ ಎದ್ದು ಓಡಿದಳು: "ಅಯ್ಯೋ, ಟೊಮೆಟೊ ತಿಂತು ಅಳಿಲು!"

ಮಗ ಬಹಳ ಹೊತ್ತು ಬಾಯಿ ಮುಚ್ಚಲಿಲ್ಲ.

ಊಟಕ್ಕೂ ಇದು ತಗುಲಿತು. ಮೊದಲೆಲ್ಲ ಒತ್ತು ಶ್ಯಾವಿಗೆಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದವನು, ಈಗ ಅದಕ್ಕೆ 'ಗಾಖ್' ಎಂದು ನಾಮಕರಣ ಮಾಡಿ ಮೂರು ಸಲ ಹಾಕಿಸಿಕೊಂಡ. ಗಾಖ್ ಅಂದರೆ ಕ್ಲಿಂಗಾನರು ಜೀವಂತ ತಿನ್ನುವ ಹುಳು. ಅದನ್ನು ನಾನು ಅಮ್ಮನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಒಂದು ದಿನ ಮಾತ್ರ ಇಬ್ಬರಿಗೂ ಜಗಳ ಹತ್ತಿತು. 1991ರ ಸಿನಿಮಾವೊಂದರಲ್ಲಿ ಕ್ಲಿಂಗಾನರ ಮುಖ್ಯಸ್ಥ, ಶೇಕ್ಸ್‌ಪಿಯರನನ್ನು ಮೂಲ ಕ್ಲಿಂಗಾನಿನಲ್ಲೇ ಓದಬೇಕು ಎಂದು ಗತ್ತಿನಿಂದ ಹೇಳುತ್ತಾನೆ. ಆ ನಗೆಮಾತನ್ನು ನಿಜ ಮಾಡಲು ಅಭಿಮಾನಿಗಳು 1996ರಲ್ಲಿ ಇಡೀ 'ಹ್ಯಾಮ್ಲೆಟ್' ಅನ್ನು ಕ್ಲಿಂಗಾನಿಗೆ ಇಳಿಸಿಬಿಟ್ಟರು. ಮಗ ಇದನ್ನು ಹೆಮ್ಮೆಯಿಂದ ಹೇಳಿದ್ದೇ ತಡ, ಅಮ್ಮನ ಸ್ವಾಭಿಮಾನ ಕೆರಳಿತು. "ಅದಕ್ಕೆಂತ? ನಮ್ಮ ಕುಪ್ಪಳಿ ಪುಟ್ಟಪ್ಪನವರು ಆ ಕತೇನ ಬಿದನೂರಿಗೇ ತಂದು 'ರಕ್ತಾಕ್ಷಿ' ಬರ್ದು ಎಷ್ಟು ಕಾಲ ಆಯ್ತು! ನಿಮ್ಮ ಕ್ಲಿಂಗಾನ್ರು ಆಗ ಹುಟ್ಟಿದ್ರಾ?" ಅವನು ಲೆಕ್ಕ ಹಾಕಿ, ಹುಟ್ಟಿರಲಿಲ್ಲ ಎಂದು ಒಪ್ಪಿಕೊಂಡ.

ನನಗೆ ಹತ್ತಿರದವನೆನಿಸಿದ್ದು ಮಾತ್ರ ಇನ್ನೊಬ್ಬ. 1990ರ ದಶಕದಲ್ಲಿ ಅಮೆರಿಕದ ಒಬ್ಬ ಭಾಷಾತಜ್ಞ ತನ್ನ ಮಗು ಹುಟ್ಟಿದಂದಿನಿಂದ ಮೂರು ವರ್ಷ ಅದರೊಡನೆ ಬರೀ ಕ್ಲಿಂಗಾನಿನಲ್ಲೇ ಮಾತಾಡಿದನಂತೆ. ತಾಯಿಯದು ಇಂಗ್ಲಿಷ್. ಮಗು ಆಸಕ್ತಿ ಕಳಕೊಂಡಿತು, ಅಪ್ಪನೂ ಬಿಟ್ಟುಕೊಟ್ಟ. ಇದನ್ನು ಮಗ ತಮಾಷೆಯೆಂದು ಓದಿ ಹೇಳಿದ. ನನಗೆ ನಗು ಬರಲಿಲ್ಲ. ನಮ್ಮ ಕನ್ನಡ ಕೂಟದ ಯಾವ ಮನೆಗೆ ಹೋದರೂ ಸೋಫಾದ ಮೇಲೆ ಆ ಮನುಷ್ಯ ಕೂತಿರುತ್ತಾನೆ, ಕೈಯಲ್ಲಿ ಚಕ್ಕುಲಿ ಹಿಡಿದು.

ಇನ್ನು ಕದ ತಟ್ಟುವವರ ಕತೆ. ಹಗಲು ಅಮ್ಮ ಒಬ್ಬಳೇ. ಗಂಟೆ ಬಾರಿಸಿದವರಿಗೆ ಇಂಗ್ಲಿಷಿನಲ್ಲಿ ಏನನ್ನಬೇಕೆಂಬುದು ಅವಳ ದೊಡ್ಡ ಚಿಂತೆ. 'ಎಂತ ಬೇಕಿತ್ತು?' ಅನ್ನುವುದನ್ನು ಇಂಗ್ಲಿಷಿನಲ್ಲಿ ನೇರ ಕೇಳಿದರೆ ಒರಟಾಗುತ್ತದೆ ಎಂದು ಸೊಸೆ ಹೆದರಿಸಿದ್ದಳು. ಮೊಮ್ಮಗ ದಾರಿ ತೋರಿಸಿದ. ಕ್ಲಿಂಗಾನಿನಲ್ಲಿ ನಮಸ್ಕಾರಕ್ಕೆ ಪದವೇ ಇಲ್ಲ. ಎದುರು ಸಿಕ್ಕವರಿಗೆ 'ನುಕ್‌ನೆಖ್' ಅನ್ನುತ್ತಾರೆ. ಅರ್ಥ, ಏನು ಬೇಕು? "ಸರಿಯಾಗೇ ಉಂಟಲ್ಲ, ಮರ್ಯಾದಸ್ಥ ಜನ" ಅಂದಳು ಅಮ್ಮ.

ಕಳೆದ ಗುರುವಾರ ನಾನು ಮೀಟಿಂಗಿನಲ್ಲಿದ್ದಾಗ ಬಾಗಿಲ ಕ್ಯಾಮೆರಾ ಫೋನಿಗೆ ಸುದ್ದಿ ಕಳಿಸಿತು. ಮೇಜಿನ ಕೆಳಗೆ ಹಿಡಿದು ನೋಡಿದೆ. ಹೊಸಿಲಲ್ಲಿ ಅಮ್ಮ: ನೂಲಿನ ಸೀರೆ, ಅದರ ಮೇಲೆ ಸ್ವೆಟರು, ಕಾಲಿಗೆ ಸಾಕ್ಸು. ಕೈಯಲ್ಲಿ ಕಸ ಗುಡಿಸಲು ಅಡ್ಡ ಬಂದಿದ್ದ ಮಗನ ರಟ್ಟಿನ ಬ್ಯಾಟ್‌ಲೆತ್. ಬ್ಯಾಟ್‌ಲೆತ್ ಕ್ಲಿಂಗಾನರ ಕತ್ತಿ. ಮೆಟ್ಟುಗತ್ತಿಗೆ ಎರಡೂ ಕಡೆ ಕೊಂಬು ಮೂಡಿದರೆ ಹೇಗೋ ಹಾಗೆ. ಎದುರಿಗೆ ಮಾಡು ರಿಪೇರಿ ಕಂಪನಿಯ ಎಳೆಯ ಹುಡುಗ.

"ನುಕ್‌ನೆಖ್!" ಅಂದಳು ಅಮ್ಮ.

ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಬೀದಿಗೆ ಓಡುತ್ತಾನೆಂದು ನಾನು ಕಾದೆ. ಅವನ ಮುಖ ಅರಳಿತು. ಎದೆ ಸೆಟೆಸಿ, ಮುಷ್ಟಿಯಿಂದ ಎದೆ ಗುದ್ದಿಕೊಂಡು, ಗಂಟಲಿನಿಂದ ಅರ್ಧ ನಿಮಿಷ ಏನೇನೋ ಕಲ್ಲು ಉರುಳಿಸಿದ. ಅಮ್ಮ ಶಾಂತವಾಗಿ ಕೇಳಿ, "ಹೌದಾ? ಒಳಗೆ ಬಾ" ಅಂದಳು.

ಸಂಜೆ ಮನೆಗೆ ಬಂದರೆ ಕೋಡುಬಳೆ ಡಬ್ಬಿ ಅರ್ಧ ಖಾಲಿ. "ಒಳ್ಳೆ ಹುಡ್ಗ. ಮಾತು ಅರ್ಥ ಆಗ್ಲಿಲ್ಲ, ಆದ್ರೆ ಡ ಚೆನ್ನಾಗಿ ಹೇಳ್ತಾನೆ" ಅಂದಳು. ಮೇಜಿನ ಮೇಲೆ ಅವನ ಚೀಟಿ ಇತ್ತು. ಮುಂದಿನ ಮಂಗಳವಾರ ಹತ್ತು ಗಂಟೆಗೆ ನಮ್ಮ ಮಾಡು ಹತ್ತಿ ನೋಡಲು ಬರುತ್ತಾನಂತೆ.