ಪ್ರಗತಿ ವರದಿ

ಕೊಟ್ಟೂರು ಕಡೆಯ ಒಂದು ಕಾಲೇಜು, ವಾಣಿಜ್ಯ ವಿಭಾಗ. ಮೇಷ್ಟ್ರ ಮುಂದೆ ನ್ಯಾಕ್ ಮೌಲ್ಯಮಾಪನದ ಫೈಲು. ಎದುರಿಗೆ ಹರಪನಹಳ್ಳಿ ಹುಡುಗಿ.

"ನಿನಗೇನೇನು ನೆರವು ಸಿಕ್ಕೈತವ್ವ?"

"ಶಕ್ತಿ ಬಸ್ಸು ಸರ, 2023ರಿಂದ."

"ಅದು ಸರ್ಕಾರದ್ದು." ಆದರೂ ಬರೆದುಕೊಂಡರು: 'ಉಚಿತ ಸಾರಿಗೆ.'

"ಸ್ಕಾಲರ್‌ಶಿಪ್ ಬಂದಿಲ್ರಿ. ದಾಖಲೆ ತಾಳಿ ಆಗವಲ್ದು. ಹುಟ್ಟಿದ್ದು ದಾವಣಗೆರೆ ಜಿಲ್ಲಾ, ಹೈಸ್ಕೂಲು ಬಳ್ಳಾರಿ ಜಿಲ್ಲಾ, 2021ರಿಂದ ವಿಜಯನಗರ. ಮನಿ ಮಾತ್ರ ಅಲ್ಲೇ ಐತ್ರಿ."

"ಭೇಷ್! 'ವಿದ್ಯಾರ್ಥಿ ಚಲನಶೀಲತೆ: 3 ಜಿಲ್ಲೆ.'"

"ಹಡಗಲಿ ಗೆಳತಿ ಮಲ್ಲಿಗಿ ಮೊಗ್ಗು ಬಿಡಿಸಿ, ಮಾರಿ ಬರ್ತಾಳ್ರಿ. ಲೇಟಂತ ಹಾಜರಿ ಇಲ್ಲ."

"'ಸ್ಟಾರ್ಟಪ್: 1.'"

"ಕೂಡ್ಲಿಗಿ ಸೀನಿಯರ್ ಬೆಂಗಳೂರಾಗ ಊಟದ ಪಾರ್ಸೆಲ್ ಹೊರ್ತಾನ್ರಿ."

"'ಪ್ಲೇಸ್‌ಮೆಂಟ್: ಲಾಜಿಸ್ಟಿಕ್ಸ್.'" (ಈ ಪದ ಬಂದಮೇಲೆ ಹೊರೆ ಹಗುರಾಗಿದೆ.)

"ಮತ್ತ ಕಾಸ್ಟಿಂಗ್ ಪಾಠ ಯಾವಾಗ್ರಿ ಸರ?"

ಅತಿಥಿ ಉಪನ್ಯಾಸಕರಾದ ಮೇಷ್ಟ್ರು ಪೆನ್ನಿನ ಕ್ಯಾಪು ಹಾಕಿದರು.

"ನನ್ನ ಗೌರವಧನ ಬಂದ ದಿನ."

"ಅದನ್ನೇನಂತ ಬರಿತೀರಿ?"

"'ಸ್ವಯಂಸೇವೆ.'"