ಒಂದು ಪರ್ಸೆಂಟ್ ಕಾಕಾ

ಸಾಂಗ್ಲಿ–ಮಿರಜ್ ರಸ್ತೆಯ ಯಾವ ಎಸ್ಟೇಟ್ ಏಜೆಂಟನನ್ನು ಕೇಳಿದರೂ ಈ ಕಾಕಾ ಗೊತ್ತು. ಒಬ್ಬೊಬ್ಬನ ಫೋನಿನಲ್ಲಿ ಒಂದೊಂದು ಹೆಸರು, ಆಸಾಮಿ ಮಾತ್ರ ಒಂದೇ. ಊರು ಅಥಣಿ, ಕಾಗವಾಡ, ಇಲ್ಲವೆ ಉಗಾರ. ಕಬ್ಬಿನ ಬಿಲ್ಲೋ ರಿಟೈರ್ಮೆಂಟ್ ದುಡ್ಡೋ ಕೈಸೇರಿದೆ. ಹೆಂಡತಿ ಕಾಕೂಗೆ ಮೊಣಕಾಲು ನೋವು. ವಾನ್‌ಲೆಸ್ ಡಾಕ್ಟರು 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದಾಗಿನಿಂದ ಗಡಿ ಭಾಗದವರ ಕಾಯಿಲೆಗಳೆಲ್ಲ ಇಲ್ಲಿಗೇ ಬರುತ್ತಿವೆ. ಹೀಗಿರುವಾಗ ದವಾಖಾನೆಗೆ ಹತ್ತಿರ ಒಂದು ಫ್ಲ್ಯಾಟೇ ಇರಲಿ ಎಂದು ಕಾಕಾ ಹೊರಟಿದ್ದಾರೆ.

ಫ್ಲ್ಯಾಟ್ ನೋಡುವಾಗ ಅವರಷ್ಟು ಒಳ್ಳೆಯವರಿಲ್ಲ. ಬೀಗರನ್ನು ಕರೆತರುತ್ತಾರೆ, ನಲ್ಲಿ ತಿರುವುತ್ತಾರೆ, ಈಶಾನ್ಯ ಯಾವ ಕಡೆ ಎಂದು ಫೋನಿನಲ್ಲಿ ಹುಡುಕುತ್ತಾರೆ, ಏಜೆಂಟ್ ತರಿಸಿದ ಚಹಾವನ್ನು ಬಾಯ್ತುಂಬ ಹೊಗಳುತ್ತಾರೆ. ವಿಶ್ರಾಮಬಾಗಿನ ನಲವತ್ತು ಲಕ್ಷದ ಮನೆಯೊಂದು ಒಪ್ಪಿಗೆಯಾಗಿ, ಇಸಾರದ, ಅಂದರೆ ಮುಂಗಡದ ಮಾತು ಶುರುವಾದ ಮೇಲೆಯೇ ಅಸಲಿ ಕಾಕಾ ಹೊರಬರುವುದು.

"ದಲಾಲಿ ಎರಡು ಪರ್ಸೆಂಟ್ ರೀ ಕಾಕಾ. ಎಲ್ಲಾರಿಗೂ ಅಷ್ಟ."

"ಎಲ್ಲಾರಿಗೂ ಇರಲಿ ತಮ್ಮಾ. ನಾ ಎಲ್ಲಾರೇನು?"

ಇದಕ್ಕೆ ಉತ್ತರ ಹೇಳಿದ ಏಜೆಂಟ್ ಇನ್ನೂ ಹುಟ್ಟಿಲ್ಲ. ಕನ್ನಡದವನು ಸಿಕ್ಕರೆ ಕಾಕಾ "ನಮ್ಮ ಮಂದಿ ಅಂತ ನಿನ್ನ ಕಡೆ ಬಂದೇನಿ" ಎಂದು ಗಡಿ ವಿವಾದವನ್ನೇ ಎಬ್ಬಿಸುತ್ತಾರೆ. ಮರಾಠಿಯವನಾದರೆ ಅವನ ಹೆಗಲ ಮೇಲೆ ಕೈಯಿಟ್ಟು ಮೀ ಘರ್‌ಚಾಚ್ ಮಾಣೂಸ್ (ನಾನು ಮನೆಯವನೇ) ಎನ್ನುತ್ತಾರೆ. ಒಂದು ಪರ್ಸೆಂಟ್ ಕಡಿಮೆಯಾಗುವುದಾದರೆ ಅವರಿಗೆ ಯಾವ ಭಾಷೆಯೂ ಮಾತೃಭಾಷೆಯೇ.

ಬಿಲ್ಡರ್‌ನಿಂದ ನೇರವಾಗಿ ಕೊಳ್ಳುವಾಗ ದಲಾಲಿಯನ್ನು ಬಿಲ್ಡರೇ ಕೊಡುತ್ತಾನೆ, ನಿಮಗೇನೂ ಖರ್ಚಿಲ್ಲ ಎಂದರೂ ಕಾಕಾ ಬಿಡುವವರಲ್ಲ. "ಅವಾ ಎಲ್ಲಿಂದ ಕೊಡ್ತಾನ? ನನ್ನ ರೊಕ್ಕದಾಗಿಂದ ಅಲ್ಲೇನು? ಅದರಾಗ ಅರ್ಧ ನಂದು." ಅರ್ಥಶಾಸ್ತ್ರ ಓದಿದವರೂ ತಳ್ಳಿಹಾಕಲಾಗದ ವಾದ ಇದು. ಟೆಕ್ಸಾಸಿನಲ್ಲಿರುವ ಅಕ್ಕನ ಮಗ ಬೇರೆ ಇದಕ್ಕೆ ಉಪ್ಪು ಖಾರ ಹಚ್ಚಿದ್ದಾನೆ. ಕೆಲವು ರಾಜ್ಯಗಳು ಬೇಡವೆಂದಿದ್ದರೂ ಅಮೆರಿಕದ ಬಹುಪಾಲು ಕಡೆ ಏಜೆಂಟ್ ತನ್ನ ಕಮಿಷನ್ನಿನ ಒಂದು ಭಾಗವನ್ನು ಮನೆ ಕೊಂಡವರಿಗೆ ರಾಜಾರೋಷವಾಗಿ ಮರಳಿಸಬಹುದು. ಅದು ಕಾಗದದ ಮೇಲೂ ಬರುತ್ತದೆ. ನಮ್ಮ ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಅಂತೂ ದಲಾಲಿ ಇಷ್ಟೇ ಇರಬೇಕೆಂದು ಎಲ್ಲೂ ಹೇಳಿಲ್ಲ. ಕಾಕಾಗೆ ಅಷ್ಟೇ ಸಾಕು.

ರಸೀದಿಯ ಪ್ರಸಂಗ ಇನ್ನೂ ಸೊಗಸು. ಜಿಎಸ್‌ಟಿ ನೋಂದಣಿ ಇರುವ ಏಜೆಂಟ್ ಬಿಲ್ ಕೊಟ್ಟರೆ ದಲಾಲಿಯ ಮೇಲೆ 18 ಪರ್ಸೆಂಟ್ ತೆರಿಗೆ. ಹಾಗಾಗಿ "ಬಿಲ್ ಗಿಲ್ ಬ್ಯಾಡ, ಕೈಯಾಗ ಕೊಡ್ತೇನಿ" ಎಂದು ಕಾಕಾ ಮೊದಲು ಉದಾರಿಗಳಾಗುತ್ತಾರೆ. ಮುಂದೊಂದು ದಿನ ಮನೆ ಮಾರಿದಾಗ ಈ ದಲಾಲಿಯನ್ನು ಕೊಂಡ ಬೆಲೆಗೆ ಸೇರಿಸಿ ಲಾಭದ ತೆರಿಗೆ ತಗ್ಗಿಸಬಹುದೆಂದು ಅಷ್ಟರಲ್ಲಿ ಯಾರೋ ಕಿವಿಯೂದುತ್ತಾರೆ. ಮರುದಿನ ಕಾಕಾ ಹಾಜರು. ಈಗ ಅವರಿಗೆ ಬೇಕಾದದ್ದು ಎರಡು ಪರ್ಸೆಂಟಿನ ರಸೀದಿ, ಕೊಡಲಿರುವುದು ಒಂದು ಪರ್ಸೆಂಟಿನ ನಗದು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇದೇ ಮನುಷ್ಯ ಹಸುವಿನಂಥ ಸಾಧು. 2021ರಿಂದ ಮಹಾರಾಷ್ಟ್ರದಲ್ಲಿ ಹೆಂಗಸರ ಹೆಸರಿಗೇ ಮನೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಒಂದು ಪರ್ಸೆಂಟ್ ಸೂಟು, ಅಂದರೆ ರಿಯಾಯಿತಿ ಇದೆ. ಕಾಕಾ ಮನೆಯನ್ನು ಕಾಕೂ ಹೆಸರಿಗೆ ಮಾಡಿಸಿ, ಅದನ್ನು ಪ್ರೀತಿಯ ಲೆಕ್ಕಕ್ಕೆ ಬರೆದಿದ್ದಾರೆ. ಅಲ್ಲಿ ನಲವತ್ತು ಸಾವಿರ ಕುಳಿತಲ್ಲೇ ಉಳಿಯಿತು. ಏಜೆಂಟನ ಹತ್ತಿರ ಹೋರಾಡಿ ಗಿಟ್ಟಿಸಹೊರಟಿದ್ದೂ ಅಷ್ಟೇ. ಆದರೆ ಸರ್ಕಾರ ತಾನಾಗಿ ಬಿಟ್ಟ ದುಡ್ಡು ಅವರ ಲೆಕ್ಕದಲ್ಲಿ ಗಳಿಕೆಯೇ ಅಲ್ಲ. ಬಾಯಿ ಮಾಡದೆ ಬಂದದ್ದರಲ್ಲಿ ಏನು ಮಜಾ? ಉಳಿದ ಡ್ಯೂಟಿಯನ್ನೂ ಮೂವತ್ತು ಸಾವಿರದ ನೋಂದಣಿ ಶುಲ್ಕವನ್ನೂ ಚಕಾರವೆತ್ತದೆ ಕಟ್ಟಿ, ಹೊರಗೆ ಬಂದವರೇ ಝೆರಾಕ್ಸಿನವನ ಜೊತೆ ಪುಟಕ್ಕೆ ಎರಡು ರೂಪಾಯಿ ಯಾಕೆಂದು ಜಗಳ ತೆಗೆಯುತ್ತಾರೆ.

"ಬರೇ ಕೀಲಿ ತಗದು ತೋರಿಸಿದ್ದಕ್ಕ ಎಂಬತ್ತು ಸಾವಿರ?" ಎಂಬುದು ಅವರ ನಿತ್ಯದ ಅಳಲು. ಕೀಲಿ ತೆಗೆದದ್ದು ನಿಜ. ಆದರೆ ಯಾವ ಕೀಲಿ ತೆಗೆಯಬಾರದು ಎಂದು ಬಲ್ಲವನೂ ಅವನೇ. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿಗೆ ಏರಿದ್ದಳು, ಅಪಾಯದ ಗೆರೆ ಇರುವುದು 45 ಅಡಿಗೆ. ಆಗ ಯಾವ ಬಿಲ್ಡಿಂಗಿನ ಮೀಟರ್ ಪೆಟ್ಟಿಗೆ ಮುಳುಗಿತ್ತು, ಹೊಸ ಸುಣ್ಣದ ಕೆಳಗೆ ಯಾವ ಗೋಡೆಯ ಮೇಲೆ ಇನ್ನೂ ನೀರಿನ ಗೆರೆ ಇದೆ ಎನ್ನುವುದು ಅವನ ನಾಲಗೆಯ ತುದಿಯಲ್ಲಿದೆ. ಹೊಲವನ್ನು ಕೃಷಿಯೇತರ ಅಂದರೆ ಎನ್‌ಎ ಮಾಡಿಸದೆ ಗುಂಟೆ ಗುಂಟೆಯಾಗಿ ತುಂಡರಿಸಿ ಮಾರಿದ ಗುಂಠೇವಾರಿ ಪ್ಲಾಟು ಯಾವುದು, 2001ರ ಕಾಯ್ದೆಯ ಪ್ರಕಾರ ಸಕ್ರಮವಾದದ್ದು ಯಾವುದು, ಪಹಣಿಯಾದ ಸಾತಬಾರಾದಲ್ಲಿ ಯಾರ ತಂಗಿಯ ಹೆಸರು ಇನ್ನೂ ಉಳಿದಿದೆ, ಎಲ್ಲವೂ ಬಾಯಿಪಾಠ. ದಲಾಲಿಯನ್ನು ಅರ್ಧಕ್ಕೆ ಇಳಿಸಿದರೆ ಈ ಮಾತುಗಳಲ್ಲೂ ಅರ್ಧ ಅವನ ಗಂಟಲಲ್ಲೇ ಉಳಿಯಬಹುದು. ಕಾಕಾಗೆ ಆ ಲೆಕ್ಕ ಹೊಳೆದಿಲ್ಲ.

ಹಳೆಯ ಏಜೆಂಟರಿಗೆ ಮಾತ್ರ ಕಾಕಾ ಪೂರಾ ಬಾಯಿಪಾಠವಾಗಿದ್ದಾರೆ. ಬಾಗಿಲಲ್ಲಿ ಅವರ ಕೊಡೆಯ ತುದಿ ಕಂಡೊಡನೆ ದರ ಎರಡೂವರೆಗೆ ಏರುತ್ತದೆ. ಒಂದು ತಾಸು ಜಗ್ಗಾಟ, ಎರಡು ಸಲ ಎದ್ದು ಹೋಗುವ ನಾಟಕ, ಕಾಕೂ ಆಣೆ. ಕೊನೆಗೆ ಏಜೆಂಟ್ ಹಣೆ ಚಚ್ಚಿಕೊಂಡು ಅರ್ಧ ಪರ್ಸೆಂಟ್ ಬಿಡುತ್ತಾನೆ. ಎರಡು ಪರ್ಸೆಂಟ್ ಕೊಟ್ಟ ಕಾಕಾ ಪಂಢರಪುರದ ವಾರಿ ಮುಗಿಸಿದವರಂತೆ ಧನ್ಯರಾಗಿ ಮನೆಗೆ ಹೋಗುತ್ತಾರೆ.

ಮನೆ ಸೇರಿ ಹಾಲುಕ್ಕಿಸಿದ ಮೇಲೆ, ಅದೇ ಏಜೆಂಟನ ಬಳಿ ಹೊಸ ಪ್ರಾಜೆಕ್ಟಿನ ಫ್ಲ್ಯಾಟಿಗೆಂದು ತಮ್ಮ ಬೀಗರನ್ನು ಕರೆತರುತ್ತಾರೆ. ವ್ಯವಹಾರ ಕುದುರಿದೊಡನೆ ಬೀಗರನ್ನು ಆಚೆ ಕೂರಿಸಿ ದನಿ ತಗ್ಗಿಸುತ್ತಾರೆ: "ಗಿರಾಕಿ ತಂದಾವ ನಾನು. ನನ್ನ ಒಂದು ಪರ್ಸೆಂಟ್ ಎಲ್ಲಿ?"

ಏಜೆಂಟ್ ಈ ದಿನಕ್ಕಾಗಿಯೇ ಕಾದಿದ್ದವನು. ರೇರಾದಲ್ಲಿ ನೋಂದಾಯಿಸದವರು ಇಂಥ ಪ್ರಾಜೆಕ್ಟಿನಲ್ಲಿ ದಲಾಲಿ ಮಾಡುವ ಹಾಗಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳುತ್ತಾನೆ. ಮಹಾರಾಷ್ಟ್ರದಲ್ಲಿ ಅದಕ್ಕೆ ಹತ್ತು ಸಾವಿರ ಕಟ್ಟಬೇಕು, 2023ರಿಂದ ಈಚೆಗೆ ತರಬೇತಿಗೆ ಹೋಗಿ ಪರೀಕ್ಷೆಯನ್ನೂ ಪಾಸಾಗಬೇಕು.

ಕಾಕಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಆಗಲಿ, ಬರಿಯೂಣು. ಫೀಜಿನ್ಯಾಗ ವಯಸ್ಸಾದವರಿಗೆ ಏನರೆ ಸೂಟು ಐತೇನು, ಅದಷ್ಟು ಕೇಳಿ ಇಡು."