ನೀ ನೀನಲ್ಲಂತ

ಇಂಡಿ ತಾಲೂಕಿನ ರೇಷನ್ ಅಂಗಡಿ. ಆಯಿ ಹೆಬ್ಬಟ್ಟನ್ನು ಸೆರಗಿಗೆ ಒರೆಸಿ ನಾಲ್ಕನೇ ಸಲ ಒತ್ತಿದಳು.

"ಆಯಿ, ನೀ ನೀನಲ್ಲಂತ."

"ಯಾರಂದ್ರೋ ತಮ್ಮಾ?"

"ಮಷಿನ್."

"ನಿಂಬಿಹಣ್ಣ ಹರದ ಹರದ ಮುಳ್ಳಿಗೆ ಗೆರಿ ಅಳಿಸಿ ಹೋಗ್ಯಾವ. ನಿನಗ ನನ್ನ ಗುರ್ತಿಲ್ಲೇನು?"

(ಇಂಡಿ ನಿಂಬಿಗೆ ಜಿಐ ಗುರುತು ಸಿಕ್ಕಿದೆ. ಹರಿದ ಕೈಗಿಲ್ಲ.)

"ನನಗೈತಿ, ಸರ್ವರಿಗಿಲ್ಲ. ಈ ಬೆರಳೊತ್ತೋ ಆಧಾರ್ ವಿರುದ್ಧ ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು ಹಾಕಿದ ಕೇಸಿನಾಗ, 2017ಕ್ಕ, ಸುಪ್ರೀಂ ಕೋರ್ಟಿನ 9 ಮಂದಿ ಜಡ್ಜರು ಖಾಸಗಿತನ ಮೂಲಭೂತ ಹಕ್ಕು ಅಂದ್ರು."

"ಅಂದ್ರ?"

"ನಿನ್ನ ಗುಟ್ಟು ನಿಂದ."

"ಗುಟ್ಟು ಇರ್ಲಿ, ಅಕ್ಕಿ?"

"2018ರ ಆಧಾರ್ ತೀರ್ಪಿನಾಗ, ಬೆರಳು ಹೊಂದಲಿಲ್ಲಂತ ಸವಲತ್ತು ತಪ್ಪಬಾರ್ದು ಅಂತನೂ ಅಂದಾರ."

"ಅದನ್ನ ಮಷಿನ್‌ಗೆ ಹೇಳ್ಯಾರೇನು?"

"ಹೆಂಗ ಹೇಳ್ತಾರ ಆಯಿ? ಈಗಷ್ಟ ನೆಟ್‌ವರ್ಕೂ ಹೋತು."